ಹೊಲಿಗೆ ಬಿಚ್ಚಿದ ದಿಂಬು

ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ನಾವೆಲ್ಲ ಹೇಳುವುದು ಒಂದೇ ಮಾತು: ‘ನೀವು ಅಲ್ಲಾಡಬೇಡಿ, ಸುಮ್ಮನೆ ಮಲಗಿರಿ, ನಾವಿದ್ದೀವಲ್ಲ.’ ಪ್ರೀತಿಯಿಂದಲೇ ಹೇಳುತ್ತೇವೆ. ನಮ್ಮ ಮನೆಯ ಕೆಳಗಿನ ಟೈಲರ್ ಅಂಗಡಿಯವರೂ ಹಾಗೆಯೇ ಹೇಳಿದರು.

ಆ ಅಂಗಡಿಯಲ್ಲಿ ಕೆಲಸ ಮಾಡುವವರು ಮೂವರು. ಅಪ್ಪನನ್ನು ಎಲ್ಲರೂ ದೊಡ್ಡ ಮಾಸ್ಟರ್ ಎನ್ನುತ್ತಾರೆ, ಮಗನನ್ನು ಚಿಕ್ಕ ಮಾಸ್ಟರ್. ಚಿಕ್ಕ ಮಾಸ್ಟರ್‌ಗೂ ಈಗ ಕೂದಲು ನರೆತಿದೆ. ಆದರೂ ದೊಡ್ಡವರು ಇರುವ ತನಕ ಅವನು ಚಿಕ್ಕವನೇ. ಮೂರನೆಯವಳು ಸೊಸೆ. ಕಾಜಾ ಹಾಕುವುದು, ಗುಂಡಿ ಹಚ್ಚುವುದು, ಹೇಳಿದ ದಿನಕ್ಕೆ ಬಟ್ಟೆ ಸಿಗದೆ ಮುಖ ಊದಿಸಿಕೊಂಡವರನ್ನು ನಗಿಸಿ ಕಳಿಸುವುದು, ಎಲ್ಲ ಅವಳ ಪಾಲಿಗೆ.

ಮೇಲಿನ ಕಪಾಟಿನಿಂದ ಬಟ್ಟೆಯ ಸುರುಳಿ ತೆಗೆಯಲು ಹೋಗಿ ದೊಡ್ಡ ಮಾಸ್ಟರ್ ಸ್ಟೂಲಿನಿಂದ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ‘ದಿನಾ ಸ್ವಲ್ಪ ಸ್ವಲ್ಪ ಕೂರಿಸಿ, ವಾಕರ್ ಹಿಡಿಸಿ ನಿಲ್ಲಿಸಿ’ ಎಂದು ಹೇಳಿಯೇ ಆಸ್ಪತ್ರೆಯವರು ಮನೆಗೆ ಕಳಿಸಿದರು. ಆದರೆ ಮೊದಲನೆಯ ದಿನ ಎಬ್ಬಿಸಿದಾಗ ಅಪ್ಪ ‘ಅಮ್ಮಾ’ ಎಂದು ನರಳಿದ್ದನ್ನು ಮಗನಿಗೆ ಕೇಳಲಾಗಲಿಲ್ಲ. ಮತ್ತೆ ಎಬ್ಬಿಸಲು ಹೋಗಲಿಲ್ಲ. ವಾಕರ್ ಬಾಗಿಲ ಹಿಂದೆ ಸೇರಿತು. ನಾಲ್ಕು ದಿನ ಕಳೆಯುವಷ್ಟರಲ್ಲಿ ಅದರ ಮೇಲೆ ಇಸ್ತ್ರಿ ಮಾಡಿದ ಪ್ಯಾಂಟುಗಳು ನೇತಾಡತೊಡಗಿದವು.

ಮಂಚವನ್ನು ಅಂಗಡಿಯ ಮೂಲೆಯಲ್ಲೇ ಹಾಕಿದ್ದರು. ಅಲ್ಲಿಂದ ಬೀದಿ ಕಾಣುತ್ತಿತ್ತು, ಎರಡೂ ಮಿಷಿನ್ನುಗಳ ಸದ್ದು ಕೇಳುತ್ತಿತ್ತು. ದೊಡ್ಡ ಮಾಸ್ಟರ್ ಕಣ್ಣು ಮುಚ್ಚಿಕೊಂಡೇ, “ಸೂಜಿ ಮೊಂಡಾಗಿದೆ ನೋಡೋ, ಬದಲಾಯಿಸು” ಎನ್ನುವರು. ಮಗ ನೋಡಿದರೆ ಸೂಜಿ ನಿಜವಾಗಿಯೂ ಮೊಂಡಾಗಿರುತ್ತಿತ್ತು. “ಇವರು ಕಿವೀಲಿ ಎಣ್ಣೆ ಬಿಟ್ಕೊಂಡು ಕೂತಿರ್ತಾರೆ,” ಎಂದು ಅವನು ಗೊಣಗಿದರೂ ಆ ಮಾತು ಬೀಳದ ದಿನ ಅವನಿಗೆ ಕೆಲಸ ಸಾಗುತ್ತಿರಲಿಲ್ಲ.

ಕೆಲವು ದಿನಗಳಾದ ಮೇಲೆ ದೊಡ್ಡ ಮಾಸ್ಟರ್ “ಬೆನ್ನಿನ ಕೆಳಗೆ ಉರೀತಿದೆ ಕಣಪ್ಪಾ” ಎಂದರು. ಟೈಲರ್ ಮಗ ಏನು ಮಾಡಿಯಾನು? ಕೈಯಲ್ಲಿದ್ದ ಕೆಲಸವನ್ನೆಲ್ಲ ಬದಿಗಿಟ್ಟು ಅಪ್ಪನಿಗಾಗಿ ಒಂದು ದಿಂಬು ಹೊಲಿದ. ಬಳೆಯಂತೆ ದುಂಡಗಿನ ದಿಂಬು. ನಡುವೆ ತೂತು, ಸುತ್ತ ಬಿಗಿಯಾಗಿ ತುಂಬಿದ ಸ್ಪಂಜು, ಅಂಚಿಗೆ ಉಬ್ಬಿದ ಗೆರೆಯಂತೆ ನೀಲಿ ಪೈಪಿಂಗ್. ನೋವಿರುವ ಜಾಗ ತೂತಿನ ಮೇಲೆ ಬರಲಿ, ಏನೂ ತಾಗದಿರಲಿ ಎಂಬುದು ಅವನ ಲೆಕ್ಕ. ಅಂಗಡಿಗೆ ಬಂದವರೆಲ್ಲ ಆ ದಿಂಬನ್ನು ಮುಟ್ಟಿ ನೋಡಿ, “ಇಂಥ ಮಗ ಎಲ್ಲರಿಗೂ ಸಿಗಲ್ಲ” ಎಂದು ಹೇಳಿ ಹೋದರು.

ಆಮೇಲೆ ಒಂದು ಬೆಳಿಗ್ಗೆ ಆರೋಗ್ಯ ಕೇಂದ್ರದ ಸಿಸ್ಟರ್ ಆಪರೇಷನ್ನಿನ ಗಾಯ ನೋಡಲು ಬಂದರು. ಚೀಲ ಕೆಳಗಿಟ್ಟು, ಸೋಪು ಕೇಳಿ ಪಡೆದು ಕೈ ತೊಳೆದರು. ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ದೊಡ್ಡ ಮಾಸ್ಟರ್ ಮುಖಕ್ಕೆ ಮುಖ ಕೊಟ್ಟು ಕೂತರು.

“ಮಾಸ್ಟರೇ, ಹೇಗಿದ್ದೀರಿ?”

“ಚೆನ್ನಾಗಿದಾರೆ ಸಿಸ್ಟರ್,” ಎಂದ ಮಗ, ಮಿಷಿನ್ ನಿಲ್ಲಿಸದೆ.

“ನಿಮ್ಮನ್ನ ಆಮೇಲೆ ಕೇಳ್ತೀನಿ. ಈಗ ಅವರ ಸರದಿ. ನೀವು ಅಳತೆ ತಗೋವಾಗ ಪಕ್ಕದವರ ಸೊಂಟಕ್ಕೆ ಟೇಪ್ ಹಿಡೀತೀರಾ?”

ದೊಡ್ಡ ಮಾಸ್ಟರ್ ನಕ್ಕರು. ಎಷ್ಟೋ ದಿನಗಳ ಮೇಲೆ ನಕ್ಕರು ಎಂದು ಸೊಸೆ ನನಗೆ ಆಮೇಲೆ ಹೇಳಿದಳು. ನೋವು ಎಲ್ಲಿ, ಯಾವಾಗ ಹೆಚ್ಚು, ನಿದ್ದೆ ಬರುತ್ತಾ, ಊಟ ಸೇರುತ್ತಾ ಎಂದು ಸಿಸ್ಟರ್ ಕೇಳುತ್ತಾ ಹೋದರು. ಅವರು ಹೇಳುತ್ತಾ ಹೋದರು. ಹೇಳಲು ಅಷ್ಟೆಲ್ಲ ಇತ್ತು ಎಂಬುದೇ ಮನೆಯವರಿಗೆ ಗೊತ್ತಿರಲಿಲ್ಲ.

“ಬೆನ್ನು ಸ್ವಲ್ಪ ನೋಡಲಾ ಮಾಸ್ಟರೇ?”

ಅವರು ಬಾಗಿಲ ಕಡೆ ನೋಡಿದರು. ಅಲ್ಲಿ ಇಬ್ಬರು ಗಿರಾಕಿಗಳು ನಿಂತಿದ್ದರು. ಸಿಸ್ಟರ್‌ಗೆ ಅರ್ಥವಾಯಿತು.

“ಅಲ್ಲಾ, ಪ್ಯಾಂಟ್ ಹಾಕಿ ನೋಡೋರಿಗೆ ಆ ಮೂಲೇಲಿ ಪರದೆ ಕಟ್ಟಿದೀರಿ. ಮಾಸ್ಟರ್‌ಗೆ ಒಂದು ಪರದೆ ಇಲ್ವಾ?”

ಚಿಕ್ಕ ಮಾಸ್ಟರ್‌ನ ಮಿಷಿನ್ ನಿಂತಿತು. ಅವನೇ ಎದ್ದು ಹೋಗಿ ಆ ಪರದೆ ಬಿಚ್ಚಿ ತಂದು ಮಂಚದ ಸುತ್ತ ಕಟ್ಟಿದ.

ಕೈ ತೊಳೆದು ಬಂದ ಸೊಸೆಯ ಸಹಾಯದಿಂದ ಸಿಸ್ಟರ್ ಅವರನ್ನು ನಿಧಾನವಾಗಿ ಒಂದು ಮಗ್ಗುಲಿಗೆ ಹೊರಳಿಸಿದರು. ಹೊರಳಿಸುವ ಮುಂಚೆ ಎರಡು ಕಾಲುಗಳ ನಡುವೆ ದಿಂಬಿಟ್ಟರು. ಮುಟ್ಟುವ ಮುಂಚೆ ಪ್ರತಿ ಸಾರಿಯೂ ‘ಈಗ ಇಲ್ಲಿ ಮುಟ್ತೀನಿ’ ಎಂದು ಹೇಳಿದರು. ಬೆನ್ನಿನ ತುದಿಯಲ್ಲಿ ಅಂಗೈಯಷ್ಟು ಜಾಗ ಬೇರೆ ಬಣ್ಣಕ್ಕೆ ತಿರುಗಿತ್ತು.

“ಬಿಳಿ ಚರ್ಮದವರಿಗೆ ಇದು ಕೆಂಪಗೆ ಕಾಣುತ್ತೆ. ನಮ್ಮಂಥವರ ಚರ್ಮದ ಮೇಲೆ ಕೆಂಪು ಕಾಣೋದು ಕಷ್ಟ, ಪಕ್ಕದ ಚರ್ಮಕ್ಕಿಂತ ಕಪ್ಪಾಗಿ ಕಾಣಬಹುದು. ಅದಕ್ಕೇ ಕಣ್ಣೊಂದನ್ನೇ ನಂಬಬಾರದು. ಕೈ ತೊಳೆದಿದೀರಲ್ಲ, ಬೆರಳಿಡಿ. ಬಟ್ಟೆ ಮುಟ್ಟಿ ನೋಡ್ತೀರಲ್ಲ, ಹಾಗೆ ಮುಟ್ಟಿ. ಪಕ್ಕದ ಚರ್ಮವನ್ನೂ ಮುಟ್ಟಿ. ಏನು ವ್ಯತ್ಯಾಸ?”

ಸೊಸೆ ಕಣ್ಣು ಮುಚ್ಚಿಕೊಂಡು ಮುಟ್ಟಿದಳು. “ಇಲ್ಲಿ ಬಿಸಿ ಜಾಸ್ತಿ. ಮತ್ತೆ… ಪಕ್ಕದ್ದು ಮಲ್‌ಬಟ್ಟೆ ಥರ ಮೆತ್ತಗಿದೆ. ಇಲ್ಲಿ ಮಾತ್ರ ಒಳಗೆ ಕ್ಯಾನ್ವಾಸ್ ಇಟ್ಟು ಹೊಲಿದ ಕಾಲರ್ ಥರ ಗಟ್ಟಿ.”

ಸಿಸ್ಟರ್ ಅವಳನ್ನೇ ನೋಡಿದರು. “ಇದನ್ನ ಇಷ್ಟು ಚೆನ್ನಾಗಿ ಯಾರೂ ನನಗೆ ಹೇಳಿರಲಿಲ್ಲ. ಈಗ ಬೆರಳಲ್ಲಿ ಮೆಲ್ಲಗೆ ಒತ್ತಿ ಬಿಡಿ. ರಕ್ತ ಸರಿಯಾಗಿ ಓಡ್ತಿದ್ರೆ ಒತ್ತಿದ ಜಾಗ ಬಿಳಿಚಿಕೊಂಡು ಮತ್ತೆ ಬಣ್ಣ ಬರುತ್ತೆ. ಇಲ್ಲಿ ನೋಡಿ, ಒತ್ತಿದರೂ ಬಣ್ಣ ಬದಲಾಗ್ತಿಲ್ಲ. ಒಳಗೆ ಪೆಟ್ಟಾಗೋಕೆ ಶುರುವಾಗಿದೆ ಅಂತ ಅರ್ಥ.”

“ಎಣ್ಣೆ ಹಾಕಿ ತಿಕ್ಕಲಾ ಸಿಸ್ಟರ್?”

“ಬೇಡ. ಮೊದಲೇ ನೊಂದಿರೋ ಜಾಗ. ತಿಕ್ಕಿದ್ರೆ ಇನ್ನೂ ಹಾಳಾಗುತ್ತೆ. ಈಗ ಚರ್ಮ ಒಡೆದಿಲ್ಲ, ಅದೇ ನಮ್ಮ ಪುಣ್ಯ. ಒಡೆದ್ರೆ ಹಾಸಿಗೆ ಹುಣ್ಣು. ಅದು ಮೂಳೆವರೆಗೂ ಇಳಿಯುತ್ತೆ. ಆಮೇಲೆ ನಿಲ್ಲೋದು, ನಡೆಯೋದು ಎಲ್ಲಾ ದೂರದ ಮಾತು. ಎಷ್ಟೋ ಜನರ ಜೀವಕ್ಕೇ ಕುತ್ತು ಬಂದಿದೆ.”

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ದೊಡ್ಡ ಮಾಸ್ಟರ್ ಕೇಳಿದರು: “ಹಾಗಾದ್ರೆ ನಾನು ಇನ್ನು ಕಟಿಂಗ್ ಟೇಬಲ್ ಹತ್ರ ನಿಲ್ಲೋದಿಲ್ವಾ ತಾಯಿ?”

“ನಿಲ್ತೀರಿ. ನಾವೆಲ್ಲ ಈಗಿಂದ ಸರಿಯಾಗಿ ನೋಡಿಕೊಂಡ್ರೆ ನಿಲ್ತೀರಿ,” ಎಂದು ಸಿಸ್ಟರ್ ದುಂಡು ದಿಂಬನ್ನು ಕೈಗೆತ್ತಿಕೊಂಡರು. “ಇದನ್ನ ಯಾರು ಹೊಲಿದಿದ್ದು?”

“ನಾನೇ,” ಎಂದ ಚಿಕ್ಕ ಮಾಸ್ಟರ್. ಮೆಚ್ಚುಗೆಯ ಮಾತಿಗೆ ಕಾದವನಂತೆ ನಿಂತ.

“ಕೈಗೆಲಸ ತುಂಬಾ ಚೆನ್ನಾಗಿದೆ. ಆದರೆ ಇದನ್ನ ಇಡಬೇಡಿ.”

“ಯಾಕೆ? ನಡುವೆ ತೂತು ಬಿಟ್ಟಿದೀನಲ್ಲ. ಏನೂ ತಾಗೋದೇ ಇಲ್ಲ.”

“ತೋಳಿಗೆ ಎಲಾಸ್ಟಿಕ್ ಬಿಗಿಯಾದ್ರೆ ಕೈ ಏನಾಗುತ್ತೆ?”

“ಜೋಮು ಹಿಡಿಯುತ್ತೆ.”

“ಎಲಾಸ್ಟಿಕ್ ಬೆರಳಿಗೆ ತಾಗಿರಲ್ಲ. ಆದರೂ ಬೆರಳು ಜೋಮು ಹಿಡಿಯುತ್ತೆ. ಇದೂ ಹಾಗೇ. ಸುತ್ತ ಒತ್ತಿದ್ರೆ ನಡುವೆ ರಕ್ತ ಬರೋ ದಾರಿನೇ ಬಿಗಿಯಾಗುತ್ತೆ.”

ಹೊರಡುವ ಮುಂಚೆ ಸಿಸ್ಟರ್ ಇನ್ನೊಂದನ್ನೂ ಗಮನಿಸಿದರು. ಮಂಚದ ಪಕ್ಕದ ಲೋಟದಲ್ಲಿ ನೀರು ತುಂಬಿದ್ದು ತುಂಬಿದಂತೆಯೇ ಇತ್ತು. ದೊಡ್ಡ ಮಾಸ್ಟರ್ ತುಟಿ ಒಣಗಿತ್ತು.

“ನೀರು ಯಾಕೆ ಕುಡೀತಿಲ್ಲ ಮಾಸ್ಟರೇ?”

ಅವರು ದನಿ ತಗ್ಗಿಸಿದರು. “ಕುಡಿದ್ರೆ ಆಮೇಲೆ ಪಾತ್ರೆ ಹಿಡಿಯೋಕೆ ಇವಳೇ ಬರ್ಬೇಕು, ಕೆಲಸ ಬಿಟ್ಟು. ಪಾಪ.”

ಸೊಸೆಯ ಕಣ್ಣು ತುಂಬಿತು, ಬಾಯಿ ಮಾತ್ರ ಸುಮ್ಮನಿರಲಿಲ್ಲ. “ಊರವರೆಲ್ಲ ಗುಂಡಿ ಕಿತ್ತುಕೊಂಡು ಬಂದ್ರೆ ಎದ್ದು ಬರ್ತೀನಿ ಮಾವ. ನಿಮಗೆ ಬರಲ್ವಾ? ಕುಡೀರಿ ಈಗ, ನನ್ನ ಮುಂದೆ.”

“ಹೃದಯ, ಕಿಡ್ನಿ ತೊಂದರೆ ಇರೋರಿಗೆ ಮಾತ್ರ ಡಾಕ್ಟರ್ ಹೇಳಿದಷ್ಟೇ ನೀರು. ಇವರಿಗೆ ಅಂಥದ್ದೇನಿಲ್ಲ, ಆಗಾಗ ಸ್ವಲ್ಪ ಸ್ವಲ್ಪ ಕೊಡ್ತಾ ಇರಿ,” ಎಂದು ಸಿಸ್ಟರ್ ಹೇಳಿದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವುದನ್ನು, ಪೂರ್ತಿ ಪಕ್ಕಕ್ಕೆ ತಿರುಗಿಸದೆ ಬೆನ್ನಿಗೆ ದಿಂಬು ಕೊಟ್ಟು ಸ್ವಲ್ಪವೇ ಓರೆಯಾಗಿ ಮಲಗಿಸುವುದನ್ನು ಮಾಡಿ ತೋರಿಸಿದರು. ಆಪರೇಷನ್ ಆದ ಪಕ್ಕಕ್ಕೆ ಯಾವಾಗ ಹೊರಳಿಸಬಹುದು ಎಂದು ಡಾಕ್ಟರನ್ನು ತಾವೇ ಕೇಳಿ ಹೇಳುವುದಾಗಿ ಮಾತು ಕೊಟ್ಟು ಹೋದರು.

ಸಿಸ್ಟರ್ ಬೀದಿ ತಿರುವು ದಾಟುವುದೇ ತಡ, ಚಿಕ್ಕ ಮಾಸ್ಟರ್ ಗೊಣಗಿದ. “ಅವರಿಗೆ ಇಂಜೆಕ್ಷನ್ ಗೊತ್ತಿರಬಹುದು. ದಿಂಬಿನ ವಿಷಯ ನನಗೆ ಹೇಳಿಕೊಡೋಕೆ ಬರ್ತಾರೆ.” ಸೊಸೆ ಬೇಡವೆಂದರೂ ದುಂಡು ದಿಂಬು ಮತ್ತೆ ಅಪ್ಪನ ಕೆಳಗೆ ಹೋಯಿತು.

ಮರುದಿನ ಬೆಳಿಗ್ಗೆ ಮೈ ಒರೆಸುವ ಹೊತ್ತಿಗೆ ಸೊಸೆ ಗಂಡನನ್ನು ಪರದೆಯೊಳಗೆ ಕರೆದಳು. ಜಗಳ ಮಾಡಲಿಲ್ಲ. “ರೀ, ಇಲ್ಲಿ ನೋಡಿ. ಇದು ಏನು ಗುರುತು ಹೇಳಿ.”

ಅಪ್ಪನ ಚರ್ಮದ ಮೇಲೆ ದುಂಡಗೆ ಒಂದು ಅಚ್ಚು ಬಿದ್ದಿತ್ತು. ಪೈಪಿಂಗಿನ ಗೆರೆ ಕೂಡ ಹೊಲಿಗೆ ಹೊಲಿಗೆಯಾಗಿ ಮೂಡಿತ್ತು. ಇಂಥ ಗುರುತನ್ನು ಅವನು ಎಷ್ಟು ನೋಡಿಲ್ಲ? ಸೊಂಟದ ಪಟ್ಟಿ ಬಿಗಿಯಾಯಿತೆಂದು ಬಂದವರು ಅಂಗಿ ಎತ್ತಿ ತೋರಿಸುವ ಗುರುತು ಇದೇ. ಆಗೆಲ್ಲ ಅವನು ‘ಬಿಚ್ಚಿ ಸಡಿಲ ಮಾಡಿಕೊಡ್ತೀನಿ’ ಎನ್ನುತ್ತಾನೆ.

ಅವನು ಕೈ ತೊಳೆದು ಬಂದು ಬೆರಳಿಟ್ಟು ಒತ್ತಿದ, ಬಿಟ್ಟ. ಇನ್ನೊಮ್ಮೆ ಒತ್ತಿದ. ಬಣ್ಣ ಕದಲಲಿಲ್ಲ.

“ನೋಯ್ತಾ ಅಪ್ಪಾ?”

“ನೀನು ಅಷ್ಟು ಆಸೆಯಿಂದ ಹೊಲಿದಿದ್ದೆ. ಹೇಗೆ ಹೇಳ್ಲಿ?”

ಚಿಕ್ಕ ಮಾಸ್ಟರ್ ದಿಂಬು ತೆಗೆದುಕೊಂಡು ಹೋಗಿ ಕಟಿಂಗ್ ಟೇಬಲ್ ಮುಂದೆ ಕೂತ. ಕತ್ತರಿ ಹಾಕಿ ಸೀಳಲಿಲ್ಲ. ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆ ಹಿಡಿದು ಒಂದೊಂದೇ ಹೊಲಿಗೆ ಬಿಚ್ಚಿದ. ನೀಲಿ ಪೈಪಿಂಗ್ ಸುರುಳಿಯಾಗಿ ಅವನ ಕಾಲ ಬಳಿ ಬಿತ್ತು. ಹೆಂಡತಿ ಹತ್ತಿರ ಹೋಗಿ, ಅವನು ಬಿಚ್ಚಿದ ನೂಲಿನ ಚೂರುಗಳನ್ನು ಆಯ್ದು ಅಂಗೈಯಲ್ಲಿ ಇಟ್ಟುಕೊಳ್ಳುತ್ತಾ ಕೂತಳು.

ಸ್ಪಂಜನ್ನು ಅವನು ಎಸೆಯಲಿಲ್ಲ. ಸಿಸ್ಟರನ್ನು ಫೋನಿನಲ್ಲಿ ಕೇಳಿಕೊಂಡು, ಅದನ್ನು ಓರೆಯಾಗಿ ಕತ್ತರಿಸಿ ಬೆನ್ನಿಗೆ ಒರಗಿಸುವ ದಿಂಬು ಮಾಡಿದ. ಮೀನಖಂಡದ ಕೆಳಗಿಡಲು ಇನ್ನೊಂದು ಮೆತ್ತನೆಯ ದಿಂಬು ಹೊಲಿದ. ಅದನ್ನಿಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗುವುದೇ ಇಲ್ಲ. ಹಾಸಿಗೆಯ ನಡುವೆ ಹಾಸಲು ಒಂದು ಗಟ್ಟಿ ಬಟ್ಟೆ ಹೊಲಿದ. ಮೈಗೆ ತಾಗುವ ಕಡೆ ಹೊಲಿಗೆ ಇಲ್ಲ, ಗಂಟಿಲ್ಲ, ಸುಕ್ಕಿಲ್ಲ. ಎರಡು ಬದಿಗೆ ಹಿಡಿಕೆಗಳು. ಇಬ್ಬರು ಆಚೀಚೆ ನಿಂತು ಹಿಡಿಕೆ ಹಿಡಿದರೆ ಅಪ್ಪನನ್ನು ಎಳೆಯದೆ, ಎತ್ತಿ ಸರಿಸಬಹುದು.

“ಎಳೀಬಾರದು. ಎಳೆದ್ರೆ ಚರ್ಮ ಒಳಗಿಂದ ಹರಿಯುತ್ತೆ,” ಎಂದು ಅವನು ಹೆಂಡತಿಗೆ ಬಿಡಿಸಿ ಹೇಳುತ್ತಿದ್ದಾಗ ಪರದೆಯೊಳಗಿಂದ ದೊಡ್ಡ ಮಾಸ್ಟರ್ ದನಿ ಬಂತು: “ಬಟ್ಟೆ ಎಳೀಬೇಡ ಅಂತ ಇವನಿಗೆ ಹೇಳೀ ಹೇಳೀ ನನ್ನ ಗಂಟಲು ಹೋಯ್ತು. ಇವತ್ತು ಕಲಿತ ನೋಡು.”

ವಾಕರ್ ಮೇಲಿನ ಪ್ಯಾಂಟುಗಳು ಮೊಳೆಗೆ ಹೋದವು. ಮತ್ತೆ ಬಂದ ಸಿಸ್ಟರ್ ಹೇಳಿಕೊಟ್ಟಂತೆ ನೋವಿನ ಮಾತ್ರೆ ಕೊಟ್ಟು, ಅದು ಹಿಡಿದ ಮೇಲೆ ಕೂರಿಸುವುದು ಶುರುವಾಯಿತು. ಮೊದಲು ಮಂಚದ ಅಂಚಿನಲ್ಲಿ. ಆಮೇಲೆ ಕಾಲು ನೆಲಕ್ಕೆ. ಆಮೇಲೆ, ಮಗ, ಸೊಸೆ ಆಚೀಚೆ ನಿಂತಿದ್ದಾಗ, ವಾಕರ್ ಹಿಡಿದು ಒಂದು ಕ್ಷಣ ನೆಟ್ಟಗೆ. ಬೆನ್ನಿನ ಕಲೆ ದಿನದಿನಕ್ಕೆ ತಿಳಿಯಾಯಿತು. ಸೊಸೆಯ ಬೆರಳಿಗೆ ಈಗ ಅಲ್ಲಿ ಕಾಲರ್ ಸಿಗುತ್ತಿರಲಿಲ್ಲ, ಮಲ್‌ಬಟ್ಟೆಯೇ ಸಿಗುತ್ತಿತ್ತು.

ಅಷ್ಟರಲ್ಲಿ ಒಂದು ಬೆಳಿಗ್ಗೆ, ಚಿಕ್ಕ ಮಾಸ್ಟರ್‌ನ ಮಿಷಿನ್ ಕಟಕಟ ಎಂದು ಸದ್ದು ಮಾಡಿತು. ಕೆಳಗಿನ ನೂಲು ಗಂಟು ಕಟ್ಟಿತ್ತು. ಎಂಥವರ ಕಿವಿಗೂ ಬೀಳುವ ಸದ್ದು. ಪರದೆಯೊಳಗಿಂದ ಮಾತಿಲ್ಲ.

ಸೊಸೆ ಗುಂಡಿ ಹಚ್ಚುತ್ತಿದ್ದವಳು ತಲೆ ಎತ್ತಿದಳು. ಎದ್ದು ಹೋಗಿ ಕೇಳಿದಳು: “ಮಾವ, ಮಿಷಿನ್‌ಗೆ ಏನಾಗಿದೆ?”

“ಬಸ್ಸು ಬಂತಾ?” ಎಂದರು ದೊಡ್ಡ ಮಾಸ್ಟರ್.

“ನಿದ್ದೆಗಣ್ಣಲ್ಲಿ ಏನೋ ಅಂತಾರೆ ಕಣೇ. ವಯಸ್ಸಾಯ್ತಲ್ಲ,” ಎಂದ ಗಂಡ.

“ನಿನ್ನೇನೂ ಇದೇ ವಯಸ್ಸಿತ್ತು ಅವರಿಗೆ.”

ಅವಳು ಕೈ ತೊಳೆದಳು. ಹಣೆ ಮುಟ್ಟಿದಳು, ಥರ್ಮಾಮೀಟರ್ ಇಟ್ಟಳು. ಕೈ ಹಿಡಿದು ನಾಡಿ ನೋಡುವವಳಂತೆ ಕೂತು, ದಿನಾ ಮಾಡುವಂತೆ ಗಡಿಯಾರ ನೋಡುತ್ತಾ ಪೂರಾ ಒಂದು ನಿಮಿಷ ಅವರ ಎದೆ ಏರಿಳಿಯುವುದನ್ನು ಎಣಿಸಿದಳು. ಎಣಿಸುತ್ತಿದ್ದಾರೆಂದು ಗೊತ್ತಾದರೆ ಉಸಿರಾಟ ಬದಲಾಗುತ್ತದೆ ಎಂದು ಸಿಸ್ಟರ್ ಹೇಳಿಕೊಟ್ಟಿದ್ದರು. ಆಮೇಲೆ ಪಾತ್ರೆ ನೋಡಿದಳು, ಬೆನ್ನು ನೋಡಿದಳು. ಫೋನ್ ಹಚ್ಚಿದಳು.

“ಸಿಸ್ಟರ್, ಟೈಲರ್ ಅಂಗಡಿಯಿಂದ. ಮಾವ ನಿನ್ನೆ ಸಂಜೆವರೆಗೂ ಸರಿಯಾಗಿ ಮಾತಾಡಿದ್ರು. ಇವತ್ತು ಗೊಂದಲ, ಎಲ್ಲಿದೀನಿ ಅನ್ನೋದೇ ಗೊತ್ತಾಗ್ತಿಲ್ಲ. ಜ್ವರ ನೂರಾ ಎರಡು. ಉಸಿರು ದಿನಾ ಹದಿನೆಂಟರ ಹತ್ರ ಇರೋದು, ಈಗ ಇಪ್ಪತ್ತೆಂಟು. ಮೂತ್ರ ತೀರಾ ಕಮ್ಮಿ, ಬಣ್ಣ ಗಾಢ, ವಾಸನೆ ಇದೆ. ಬೆನ್ನಲ್ಲಿ ಹುಣ್ಣಿಲ್ಲ.”

ಆ ಕಡೆಯಿಂದ ಸಿಸ್ಟರ್ ಒಂದೇ ಮಾತು ಹೇಳಿದರು. “ನಾನು ಬರೋವರೆಗೆ ಕಾಯಬೇಡಿ. ಆಂಬುಲೆನ್ಸ್ ಕರೀರಿ. ನೀವು ಹೇಳಿದ್ದನ್ನೆಲ್ಲ ಆಸ್ಪತ್ರೆಗೆ ನಾನು ಈಗಲೇ ತಿಳಿಸ್ತೀನಿ.”

ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಗೊತ್ತಾಯಿತು, ಅದು ಮೂತ್ರದ ಸೋಂಕು. ರಕ್ತಕ್ಕೆ ಇಳಿಯಲು ಶುರುವಾಗಿತ್ತು. ವಯಸ್ಸಾದವರಲ್ಲಿ ಸೋಂಕಿನ ಮೊದಲ ಗುರುತು ಎಷ್ಟೋ ಸಲ ಹೀಗೆ ದಿಢೀರನೆ ಬರುವ ಗೊಂದಲವೇ ಎಂದು ಡಾಕ್ಟರ್ ಹೇಳಿದರು. ತಡ ಮಾಡದೆ ಕರೆತಂದಿದ್ದರಿಂದ ಔಷಧಿ ಹಿಡಿಯಿತು. ಇಷ್ಟು ದಿನ ಮಲಗಿದ್ದ ಮುದುಕರ ಬೆನ್ನಿನಲ್ಲಿ ಹುಣ್ಣು ಇದ್ದೇ ಇರುತ್ತದೆಂದು ವಾರ್ಡಿನ ನರ್ಸ್ ಹೊರಳಿಸಿ ನೋಡಿದರು. ಏನೂ ಇರಲಿಲ್ಲ. ಪಕ್ಕದಲ್ಲಿದ್ದವರನ್ನು ಕರೆದು, “ಇಲ್ಲಿ ನೋಡಿ, ಮನೇಲಿ ಹೀಗೆ ನೋಡಿಕೊಂಡಿದಾರೆ” ಎಂದು ತೋರಿಸಿದರು. ಡಾಕ್ಟರ್ ಸೊಸೆಯನ್ನು ಕೂರಿಸಿ, ಅವಳು ನೋಡಿದ್ದನ್ನೆಲ್ಲ ಮತ್ತೊಮ್ಮೆ ಅವಳ ಬಾಯಿಂದಲೇ ಕೇಳಿದರು.

ಹಿಂದೆ ನಿಂತಿದ್ದ ಚಿಕ್ಕ ಮಾಸ್ಟರ್ ಆ ದಿನ ಏನೂ ಮಾತಾಡಲಿಲ್ಲವಂತೆ. ಅದಕ್ಕೂ ಬಡ್ಡಿ ಸೇರಿಸಿ ಈಗ ಮಾತಾಡುತ್ತಾನೆ. ಅಂಗಿ ಹೊಲಿಸಲು ಹೋದವರು ಅಳತೆ ಕೊಟ್ಟು ಮುಗಿಸುವಷ್ಟರಲ್ಲಿ ಆ ಕಥೆ ಪೂರ್ತಿ ಕೇಳಿರುತ್ತಾರೆ. “ನಾನು ನಿದ್ದೆಗಣ್ಣು ಅಂದೆ. ಇವಳು ಕೇಳ್ಬೇಕಲ್ಲ. ಉಸಿರು ಎಣಿಸಿದಳು ಸಾರ್, ಉಸಿರು.” ಸೊಸೆ ಒಳಗಿಂದ, “ಸಾಕು ಬಿಡ್ರೀ, ಅವರ ಕಾಲರ್ ಅಳತೆ ತಪ್ಪುತ್ತೆ” ಎನ್ನುತ್ತಾಳೆ. ಆದರೂ ಅವಳ ಮುಖ ಅರಳಿರುತ್ತದೆ.

ಕಳೆದ ವಾರ ನಾನು ಒಂದು ರವಿಕೆ ಕೊಡಲು ಕೆಳಗಿಳಿದು ಹೋಗಿದ್ದೆ. ದೊಡ್ಡ ಮಾಸ್ಟರ್ ವಾಕರ್ ಪಕ್ಕಕ್ಕಿಟ್ಟು, ಸೊಂಟವನ್ನು ಕಟಿಂಗ್ ಟೇಬಲ್ಲಿಗೆ ಆನಿಸಿ ನಿಂತಿದ್ದರು. ಕೈಯಲ್ಲಿ ಸೀಮೆಸುಣ್ಣದ ಬಿಲ್ಲೆ. ಮುಂದೆ ಹರಡಿದ ಗಟ್ಟಿ ಬಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದರು. ಸಿಸ್ಟರ್ ಹೋಗುವ ಬೇರೆ ಮನೆಗಳಿಗೂ ಆ ಹಿಡಿಕೆಯ ಹಾಸುಬಟ್ಟೆ ಬೇಕಂತೆ, ಒಂದೊಂದಾಗಿ ಕತ್ತರಿಸಿ ಕೊಡುತ್ತಿದ್ದಾರೆ. ಗೆರೆ ಒಂದಿಷ್ಟೂ ನಡುಗಿರಲಿಲ್ಲ. ಸೊಸೆ ಅವರ ಹಿಂದೆಯೇ, ಬೇಕೆಂದರೆ ಹಿಡಿಯುವಷ್ಟು ಹತ್ತಿರ, ಹಿಡಿದಳೆಂದು ಅವರಿಗೆ ಅನಿಸದಷ್ಟು ದೂರ ನಿಂತು ಗುಂಡಿ ಹಚ್ಚುತ್ತಿದ್ದಳು.

ಚಿಕ್ಕ ಮಾಸ್ಟರ್ ಮಿಷಿನ್ ತುಳಿಯುತ್ತಿದ್ದ. ದೊಡ್ಡ ಮಾಸ್ಟರ್ ಗೆರೆಯಿಂದ ಕಣ್ಣೆತ್ತದೆ ಹೇಳಿದರು:

“ಸೂಜಿ ಮೊಂಡಾಗಿದೆ ನೋಡೋ.”

ಅವನು ಸೂಜಿ ನೋಡಲಿಲ್ಲ. ಹೆಂಡತಿಯ ಮುಖ ನೋಡಿ ನಕ್ಕ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಒಬ್ಬರು ಮಲಗಿದ್ದರೆ ಇವತ್ತೇ ಅವರ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಕೂತುಕೊಳ್ಳಿ. ಕೈ ತೊಳೆದುಕೊಳ್ಳಿ. ಹೇಗಿದ್ದೀರಿ ಎಂದು ಅವರನ್ನೇ ಕೇಳಿ, ಉತ್ತರ ಬರುವ ತನಕ ಕಾಯಿರಿ. ಮರೆ ಮಾಡಿ ಬೆನ್ನು, ಸೊಂಟ, ಹಿಮ್ಮಡಿ ನೋಡಿ, ಮುಟ್ಟಿ. ಮಗ್ಗುಲು ಬದಲಾಯಿಸಿ. ಡಾಕ್ಟರ್ ಕೂರಿಸಿ ಎಂದಿದ್ದರೆ ನೋವಿಗೆ ಹೆದರಿ ಬಿಡಬೇಡಿ, ಹೇಗೆ ಕೂರಿಸುವುದೆಂದು ನರ್ಸನ್ನು ಕೇಳಿ ಕಲಿಯಿರಿ. ಅವರ ಎಂದಿನ ಮಾತು, ಎಂದಿನ ಉಸಿರು, ಎಂದಿನ ಹಸಿವು ಹೇಗಿರುತ್ತದೆ ಎಂಬುದು ನಿಮ್ಮಷ್ಟು ಯಾವ ಆಸ್ಪತ್ರೆಗೂ ಗೊತ್ತಿಲ್ಲ. ಅದು ಇದ್ದಕ್ಕಿದ್ದಂತೆ ಬದಲಾದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಡಿ, ಕೂಡಲೇ ಫೋನ್ ಮಾಡಿ.

ನಿಮ್ಮ ಮನೆಯ ಮಂಚದಲ್ಲಿರುವವರೂ ಏನೋ ಒಂದು ಕೆಲಸಕ್ಕೆ ಮರಳಿ ನಿಲ್ಲಬೇಕೆಂದು ಕಾಯುತ್ತಿದ್ದಾರೆ. ಅದೇನು ಎಂದು ಕೇಳಿ ತಿಳಿದುಕೊಳ್ಳಿ. ಅಲ್ಲಿಗೆ ಅವರನ್ನು ಮುಟ್ಟಿಸುವ ಕೈ ನಿಮ್ಮದೇ.